ಊರ ಕೆಲಸಕ್ಕೆ ಓಡಾಡುವವರು ಗ್ರಾಮ ಪಂಚಾಯಿತಿಗೆ ನಿಲ್ಲುವುದು ಹೇಗೆ?

‘ಓಣಿಗೆ ನೀರು ಬರುವ ಹಾಗೆ ಮಾಡಿಸಿದ್ದೇನೆ, ಅಜ್ಜಿಯರ ಪಿಂಚಣಿಗೆ ನಾಡಕಚೇರಿ ಸುತ್ತಿದ್ದೇನೆ. ಈಗ ಎಲ್ಲರೂ ನೀನೇ ನಿಲ್ಲು ಅಂತಿದ್ದಾರೆ. ಪಂಚಾಯಿತಿಗೆ ನಿಲ್ಲಬೇಕಾದರೆ ಏನೇನು ಬೇಕು?’ ಈ ಪ್ರಶ್ನೆ ಬೇರೆ ಬೇರೆ ಜಿಲ್ಲೆಯ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕೇಳುತ್ತಾರೆ, ಶಾಲಾಭಿವೃದ್ಧಿ ಸಮಿತಿಯಲ್ಲಿ ದುಡಿದವರು ಕೇಳುತ್ತಾರೆ, ದಲಿತ ಕೇರಿಯ ಸ್ಮಶಾನದ ಜಾಗಕ್ಕಾಗಿ ಹೋರಾಡಿದ ಹುಡುಗರು ಕೇಳುತ್ತಾರೆ. ಅವರೆಲ್ಲರಿಗೂ ಸೇರಿಸಿ ಈ ಲೇಖನ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸಮಾಜಸೇವೆ ಮಾಡಿದವರು ಸೋಲುವುದು ಹೆಚ್ಚಾಗಿ ಹಣದ ಕೊರತೆಯಿಂದ ಅಲ್ಲ, ತಡವಾಗಿ ಎಚ್ಚರಗೊಳ್ಳುವುದರಿಂದ. 2020ರ ಡಿಸೆಂಬರ್ ಚುನಾವಣೆಯ ಮೊದಲ ಹಂತವನ್ನೇ ನೋಡಿ. 7ಕ್ಕೆ ಅಧಿಸೂಚನೆ, 11ಕ್ಕೆ ನಾಮಪತ್ರ ಸಲ್ಲಿಸಲು ಕೊನೆಯ ದಿನ, 12ಕ್ಕೆ ಪರಿಶೀಲನೆ, 14ಕ್ಕೆ ಹಿಂಪಡೆಯಲು ಕೊನೆಯ ದಿನ, 22ಕ್ಕೆ ಮತದಾನ. ಅಧಿಸೂಚನೆ ಬಂದಮೇಲೆ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಹೊರಟವರಿಗೆ ಸಿಕ್ಕಿದ್ದು ನಾಲ್ಕೈದು ದಿನ ಮಾತ್ರ. ಅದಕ್ಕೇ ಕೆಳಗಿನ ಮೊದಲ ಐದು ಹಂತಗಳು ಚುನಾವಣೆ ಘೋಷಣೆಗೆ ತಿಂಗಳುಗಳ ಮುಂಚೆಯೇ ಮುಗಿಯಬೇಕಾದವು.

ಇನ್ನೊಂದು ವಿಷಯ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತ. ಯಾವ ಪಕ್ಷದ ‘ಬಿ’ ಫಾರಂ (ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಕೊಡುವ ಪತ್ರ) ಬೇಕಿಲ್ಲ, ಪಕ್ಷದ ಚಿಹ್ನೆಯೂ ಇರುವುದಿಲ್ಲ. ‘ನಮ್ಮ ಪಕ್ಷದಿಂದ ಟಿಕೆಟ್ ಕೊಡಿಸುತ್ತೇನೆ’ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಅಂಥ ಟಿಕೆಟ್ ಕಾನೂನಿನಲ್ಲಿ ಇಲ್ಲವೇ ಇಲ್ಲ.

ಹಂತ 1: ನಿಮ್ಮ ಕ್ಷೇತ್ರ ಯಾವುದು, ಎಷ್ಟು ಸ್ಥಾನ, ಯಾವ ಮೀಸಲು

ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ ಎಂಬ ಲೆಕ್ಕದಲ್ಲಿ ಸ್ಥಾನಗಳು ನಿಗದಿಯಾಗುತ್ತವೆ. ನಾವು ಬಾಯಿಮಾತಿನಲ್ಲಿ ವಾರ್ಡ್ ಎನ್ನುವ ಕ್ಷೇತ್ರದಲ್ಲಿ ಒಂದೇ ಸ್ಥಾನ ಇರಬೇಕೆಂದಿಲ್ಲ. ಎರಡು, ಮೂರು, ಕೆಲವೆಡೆ ಅದಕ್ಕಿಂತ ಹೆಚ್ಚೂ ಇರುತ್ತವೆ. ಪ್ರತಿ ಸ್ಥಾನಕ್ಕೂ ಬೇರೆ ಬೇರೆ ಮೀಸಲಾತಿ ಇರುತ್ತದೆ: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ‘ಅ’, ಹಿಂದುಳಿದ ವರ್ಗ ‘ಬ’, ಸಾಮಾನ್ಯ. ಇವೆಲ್ಲದರೊಳಗೆ ಒಟ್ಟು ಅರ್ಧದಷ್ಟು ಸ್ಥಾನ ಮಹಿಳೆಯರಿಗೆ.

ಇಲ್ಲಿ ಬಹಳ ಜನ ತಪ್ಪು ತಿಳಿಯುವುದು ಒಂದಿದೆ. ‘ಸಾಮಾನ್ಯ’ ಎಂದರೆ ಮೇಲ್ಜಾತಿಯ ಗಂಡಸರಿಗೆ ಮೀಸಲು ಎಂದಲ್ಲ. ಅದು ಎಲ್ಲರಿಗೂ ತೆರೆದ ಸ್ಥಾನ. ಪರಿಶಿಷ್ಟ ಜಾತಿಯವರು, ಹಿಂದುಳಿದವರು, ಮಹಿಳೆಯರು ಯಾರು ಬೇಕಾದರೂ ಅಲ್ಲಿ ನಿಲ್ಲಬಹುದು. ‘ಈ ಸಲ ನಮ್ಮ ಕೇರಿಗೆ ಸೀಟು ಬಂದಿಲ್ಲ’ ಎಂದು ಕೈಚೆಲ್ಲುವ ಮುಂಚೆ ಇದನ್ನು ನೆನಪಿಡಿ.

ಮೀಸಲಾತಿ ಪಟ್ಟಿಯನ್ನು ಜಿಲ್ಲಾಡಳಿತ ಹೊರಡಿಸುತ್ತದೆ. ಪಂಚಾಯಿತಿ ಕಚೇರಿಯಲ್ಲೂ ತಾಲ್ಲೂಕು ಕಚೇರಿಯಲ್ಲೂ ಅಂಟಿಸುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಪಟ್ಟಿ ನಂಬಬೇಡಿ, ಸಹಿ–ಮೊಹರು ಇರುವ ಪ್ರತಿಯನ್ನೇ ನೋಡಿ.

ಹಂತ 2: ನೀವು ಅರ್ಹರೇ?

ವಯಸ್ಸು 21 ತುಂಬಿರಬೇಕು. ಹೆಸರು ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಇರಬೇಕು. ನಿಮ್ಮ ಹೆಸರು ಒಂದು ಕ್ಷೇತ್ರದಲ್ಲಿದ್ದರೂ ಅದೇ ಪಂಚಾಯಿತಿಯ ಇನ್ನೊಂದು ಕ್ಷೇತ್ರದಿಂದ ಸ್ಪರ್ಧಿಸಬಹುದು.

ಅನರ್ಹತೆಯ ಪಟ್ಟಿ ಉದ್ದವಿದೆ. ಊರ ಕೆಲಸ ಮಾಡುವವರು ಎಡವುವ ಜಾಗಗಳನ್ನು ಮಾತ್ರ ಹೇಳುತ್ತೇನೆ.

ಪಂಚಾಯಿತಿ ಕಾಮಗಾರಿಯಲ್ಲಿ ನಿಮಗೆ ಪಾಲು ಇರಬಾರದು, ನೇರವಾಗಿಯೂ ಅಷ್ಟೇ, ಪರೋಕ್ಷವಾಗಿಯೂ ಅಷ್ಟೇ. ಚರಂಡಿ ಕೆಲಸ ಬೇಗ ಆಗಲಿ ಎಂದು ನೀವೇ ಮುಂದೆ ನಿಂತು ಮಾಡಿಸಿ, ಬಿಲ್ಲನ್ನು ನಿಮ್ಮ ಹೆಸರಿನಲ್ಲಿ ಮಾಡಿಸಿಕೊಂಡಿದ್ದರೆ, ಅಥವಾ ನಿಮ್ಮ ಟ್ರ್ಯಾಕ್ಟರ್ ಬಾಡಿಗೆ ಇನ್ನೂ ಪಂಚಾಯಿತಿಯಿಂದ ಬರಬೇಕಿದ್ದರೆ, ಎದುರಾಳಿ ಪರಿಶೀಲನೆಯ ದಿನ ಅದನ್ನೇ ತೆಗೆಯುತ್ತಾರೆ. ಲೆಕ್ಕ ಚುಕ್ತಾ ಮಾಡಿಸಿ, ದಾಖಲೆ ಇಟ್ಟುಕೊಳ್ಳಿ.

ಮನೆ ಕಂದಾಯ, ನೀರಿನ ಕರ ಬಾಕಿ ಇರಬಾರದು. ಮನೆ ತಂದೆಯ ಹೆಸರಿನಲ್ಲಿದೆ, ನನಗೇನು ಎಂದು ಬಿಡಬೇಡಿ. ಕಟ್ಟಿಬಿಡಿ, ರಸೀದಿ ಪಡೆಯಿರಿ, ಕೊನೆಗೆ ಬೇಬಾಕಿ ಪ್ರಮಾಣಪತ್ರ (ಏನೂ ಬಾಕಿ ಇಲ್ಲ ಎಂದು ಪಂಚಾಯಿತಿ ಕೊಡುವ ಪತ್ರ) ತೆಗೆದುಕೊಳ್ಳಿ. ಮನೆಗೆ ಶೌಚಾಲಯ ಇರಬೇಕೆಂಬ ನಿಯಮವೂ ಇದೆ, ಅದರ ಬಗ್ಗೆ ಘೋಷಣೆ ಕೊಡಬೇಕಾಗುತ್ತದೆ.

ಸರ್ಕಾರಿ ನೌಕರರು ಸ್ಪರ್ಧಿಸುವಂತಿಲ್ಲ. ಅಂಗನವಾಡಿ, ಆಶಾ, ಬಿಸಿಯೂಟದ ಕೆಲಸದಲ್ಲಿ ಇರುವವರು ಊಹೆಯ ಮೇಲೆ ಹೋಗಬೇಡಿ. ಚುನಾವಣಾಧಿಕಾರಿಯನ್ನೋ ತಹಶೀಲ್ದಾರರನ್ನೋ ಬರವಣಿಗೆಯಲ್ಲಿ ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ. ‘ಹೋದ ಸಲ ಪಕ್ಕದೂರಲ್ಲಿ ನಿಂತಿದ್ದರು’ ಎಂಬುದು ಪರಿಶೀಲನೆಯ ಮೇಜಿನ ಮುಂದೆ ನಡೆಯುವ ಮಾತಲ್ಲ.

ಹಂತ 3: ಮತದಾರರ ಪಟ್ಟಿಯನ್ನು ಮನೆ ಮನೆಗೂ ತಾಳೆ ನೋಡಿ

ಈ ಹಂತದಲ್ಲಿ ಬೆವರು ಸುರಿಸಿದವರಿಗೆ ಪ್ರಚಾರ ಅರ್ಧ ಮುಗಿದಂತೆ.

ವಿಧಾನಸಭೆಯ ಪಟ್ಟಿಯನ್ನೇ ಒಡೆದು ಪಂಚಾಯಿತಿ ಕ್ಷೇತ್ರವಾರು ಪಟ್ಟಿ ಮಾಡುತ್ತಾರೆ. ಒಡೆಯುವಾಗ ತಪ್ಪುಗಳಾಗುತ್ತವೆ. ಒಂದೇ ಮನೆಯ ಗಂಡ ಒಂದು ಕ್ಷೇತ್ರದಲ್ಲಿ, ಹೆಂಡತಿ ಇನ್ನೊಂದರಲ್ಲಿ. ಇಡೀ ಒಂದು ಬೀದಿ ಪಕ್ಕದ ಕ್ಷೇತ್ರಕ್ಕೆ ಹಾರಿರುತ್ತದೆ. ಕರಡು ಪಟ್ಟಿ ಪ್ರಕಟಿಸಿ ಆಕ್ಷೇಪಣೆ ಕರೆಯುವ ಕೆಲವೇ ದಿನಗಳಲ್ಲಿ ಇದನ್ನು ಸರಿಪಡಿಸಬೇಕು. ಆಮೇಲೆ ಎಷ್ಟು ಕೂಗಾಡಿದರೂ ಬದಲಾಗುವುದಿಲ್ಲ. ಹೊಸ ಹೆಸರು ಸೇರಿಸಲು ನಮೂನೆ 6. ತಿದ್ದುಪಡಿಗೆ, ಒಂದು ಊರಿಂದ ಇನ್ನೊಂದಕ್ಕೆ ಹೆಸರು ವರ್ಗಾಯಿಸಲು ನಮೂನೆ 8. ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಸಾಮಾನ್ಯವಾಗಿ ನಿಮ್ಮೂರಿನ ಅಂಗನವಾಡಿ ಟೀಚರ್ ಅಥವಾ ಶಾಲೆಯ ಮೇಷ್ಟ್ರೇ ಆಗಿರುತ್ತಾರೆ, ಅವರನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಪಟ್ಟಿಯ ಪ್ರತಿ ಹಿಡಿದು ಒಂದು ತುದಿಯ ಮನೆಯಿಂದ ಇನ್ನೊಂದು ತುದಿಯವರೆಗೆ ನಡೆಯಿರಿ. ಪ್ರತಿ ಮನೆಯಲ್ಲಿ ನಾಲ್ಕು ಪ್ರಶ್ನೆ ಸಾಕು: ಪಟ್ಟಿಯಲ್ಲಿರುವವರು ಈಗಲೂ ಇಲ್ಲೇ ಇದ್ದಾರಾ? ತೀರಿಹೋದವರ ಹೆಸರು ಉಳಿದಿದೆಯಾ? 18 ತುಂಬಿದವರು ಬಿಟ್ಟುಹೋಗಿದ್ದಾರಾ? ಮದುವೆಯಾಗಿ ಬಂದ ಸೊಸೆಯ ಹೆಸರು ಸೇರಿದೆಯಾ? ಬೆಂಗಳೂರಿಗೆ, ಗೋವಾಕ್ಕೆ, ಪುಣೆಗೆ ಕೆಲಸಕ್ಕೆ ಹೋದವರನ್ನು ಬೇರೆ ಗುರುತು ಹಾಕಿಕೊಳ್ಳಿ. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಗುಳೆ ಹೋದವರ ಓಟೇ ಫಲಿತಾಂಶ ತಿರುಗಿಸುತ್ತದೆ.

ಎರಡು ಸ್ಥಾನದ ಕ್ಷೇತ್ರ ಎಂದರೆ ಸುಮಾರು 800 ಜನ, ಮಕ್ಕಳನ್ನು ಕಳೆದರೆ ಮತದಾರರು ಇನ್ನೂ ಕಡಿಮೆ. ಇಷ್ಟು ಸಣ್ಣ ಕ್ಷೇತ್ರದಲ್ಲಿ ಹತ್ತು ಓಟು ಎಂದರೆ ಬಹಳ ದೊಡ್ಡದು. ಸಮಬಲ ಬಂದು ಚೀಟಿ ಎತ್ತಿ ತೀರ್ಮಾನಿಸಿದ ಉದಾಹರಣೆಗಳೂ ಇವೆ. ಈ ತಿರುಗಾಟದಲ್ಲಿ ಓಟು ಕೇಳಬೇಡಿ. ಹೆಸರು ಸೇರಿಸಿಕೊಡಿ, ತಿದ್ದಿಸಿಕೊಡಿ. ಜನ ಅದನ್ನು ನೆನಪಿಟ್ಟುಕೊಳ್ಳುತ್ತಾರೆ.

ಹಂತ 4: ಕಾಗದಪತ್ರ ಜೋಡಿಸಿಟ್ಟುಕೊಳ್ಳಿ

ಒಂದು ಫೈಲ್ ಮಾಡಿ. ಅದರಲ್ಲಿ ಇವು ಇರಲಿ: ಮತದಾರರ ಪಟ್ಟಿಯ ನಿಮ್ಮ ಹೆಸರಿರುವ ಪುಟ, ಸೂಚಕರ (ನಿಮ್ಮ ಹೆಸರನ್ನು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರ) ಹೆಸರಿರುವ ಪುಟ, ಮತದಾರರ ಗುರುತಿನ ಚೀಟಿ, ಆಧಾರ್, ಬೇಬಾಕಿ ಪತ್ರ, ಮೀಸಲು ಸ್ಥಾನವಾದರೆ ಜಾತಿ ಪ್ರಮಾಣಪತ್ರ, ಫೋಟೊಗಳು, ಆಸ್ತಿ–ಸಾಲ–ಮೊಕದ್ದಮೆಗಳ ವಿವರ.

ಜಾತಿ ಪ್ರಮಾಣಪತ್ರದ ಬಗ್ಗೆ ಎರಡು ಎಚ್ಚರಿಕೆ. ಒಂದು, ಪಂಚಾಯಿತಿ ಚುನಾವಣೆಯ ‘ಅ’ ಮತ್ತು ‘ಬ’ ವರ್ಗೀಕರಣವೇ ಬೇರೆ. ನೌಕರಿಗೆ, ಕಾಲೇಜಿಗೆ ಬಳಸುವ ಪ್ರವರ್ಗ 1, 2ಎ, 3ಎ ಇತ್ಯಾದಿಯೇ ಬೇರೆ. ಮಗನ ಕಾಲೇಜಿಗೆಂದು ತೆಗೆದ ಪತ್ರ ಇಲ್ಲಿ ನಡೆಯುತ್ತದೆ ಎಂದುಕೊಳ್ಳದೆ, ಚುನಾವಣೆ ಉದ್ದೇಶಕ್ಕೆ ಎಂದು ಹೇಳಿ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಎರಡು, ಮದುವೆಯಾದ ಹೆಣ್ಣುಮಕ್ಕಳಿಗೆ ಜಾತಿ ತವರಿನಿಂದ, ಅಂದರೆ ಹುಟ್ಟಿನಿಂದ ಬರುತ್ತದೆ, ಗಂಡನಿಂದ ಅಲ್ಲ. ಅಂತರ್ಜಾತಿ ಮದುವೆಯಾದವರು ಗಂಡನ ಜಾತಿಯ ಮೀಸಲು ಸ್ಥಾನಕ್ಕೆ ನಿಂತರೆ, ಗೆದ್ದಮೇಲೂ ಸದಸ್ಯತ್ವ ಕಳೆದುಕೊಳ್ಳಬಹುದು. ತವರು ಬೇರೆ ತಾಲ್ಲೂಕಾದರೆ ದಾಖಲೆ ತರಿಸಲು ವಾರಗಳೇ ಬೇಕು.

ಹೆಸರಿನ ಕಾಗುಣಿತ ಎಲ್ಲ ಕಾಗದದಲ್ಲೂ ಒಂದೇ ಇದೆಯೇ ನೋಡಿ. ಒಂದರಲ್ಲಿ ‘ಲಕ್ಷ್ಮವ್ವ ಕೋಂ ಬಸಪ್ಪ’, ಇನ್ನೊಂದರಲ್ಲಿ ‘ಲಕ್ಷ್ಮೀಬಾಯಿ’ ಎಂದಿದ್ದರೆ, ಇಬ್ಬರೂ ಒಬ್ಬರೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ.

ಹಂತ 5: ಯಾವ ಕೆಲಸಕ್ಕಾಗಿ ನಿಲ್ಲುತ್ತಿದ್ದೀರಿ ಎಂದು ಖಚಿತ ಮಾಡಿಕೊಳ್ಳಿ

ಹತ್ತು ಭರವಸೆ ಕೊಡುವವರು ಊರಲ್ಲಿ ಬೇಕಾದಷ್ಟು ಇದ್ದಾರೆ. ನೀವು ಒಂದೋ ಎರಡೋ ಕೆಲಸ ಹಿಡಿಯಿರಿ, ಆದರೆ ಅದರ ದಾಖಲೆ ಕೈಯಲ್ಲಿರಲಿ. ನೀರಿನ ಸಮಸ್ಯೆ ಎಂದರೆ ಸಾಲದು. ಬೋರ್‌ವೆಲ್ ಎಷ್ಟಿವೆ, ಎಷ್ಟರಲ್ಲಿ ನೀರಿದೆ, ಮೋಟರ್ ರಿಪೇರಿಗೆ ಕಳೆದ ವರ್ಷ ಎಷ್ಟು ಬಿಲ್ ಆಗಿದೆ, ನೀರುಗಂಟಿ ಯಾವ ಬೀದಿಗೆ ಎಷ್ಟು ಹೊತ್ತು ಬಿಡುತ್ತಾರೆ, ಇಷ್ಟು ಗೊತ್ತಿರಬೇಕು.

ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಉತ್ತರ ಕೊಡಲು 30 ದಿನ ಕಾಲಾವಕಾಶ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಪಂಚಾಯಿತಿಯ ಎಲ್ಲ ಲೆಕ್ಕ ಕೊಡಿ’ ಎಂದು ಬರೆದರೆ ಹಿಂದಕ್ಕೆ ಬರುತ್ತದೆ. ‘ಇಂಥ ವರ್ಷದ ಕುಡಿಯುವ ನೀರಿನ ನಿರ್ವಹಣೆಯ ವೋಚರ್‌ಗಳ ನಕಲು’ ಎಂದು ಬರೆಯಿರಿ.

ಹಣದ ದಾರಿಯೂ ಸ್ವಲ್ಪ ತಿಳಿದಿರಲಿ. 2021–26ರ ಅವಧಿಯ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ನಿರ್ಬಂಧಿತ ಹಣ, ಅಂದರೆ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕಾದದ್ದು. ಆ ದುಡ್ಡಿನಲ್ಲಿ ಸಮುದಾಯ ಭವನ ಕಟ್ಟಿಸುತ್ತೇನೆ ಎಂದವರು ಮಾತು ಉಳಿಸಿಕೊಳ್ಳಲಾಗಲಿಲ್ಲ. ಯಾವ ಲೆಕ್ಕದಲ್ಲಿ ಯಾವ ಕೆಲಸ ಮಾಡಬಹುದು ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿ, ಕ್ರಿಯಾಯೋಜನೆಯ ಪ್ರತಿ ಓದಿ. ಕ್ರಿಯಾಯೋಜನೆ ಎಂದರೆ ಆ ವರ್ಷ ಯಾವ ಕೆಲಸಕ್ಕೆ ಎಷ್ಟು ಹಣ ಎಂಬ ಪಟ್ಟಿ.

ವಾರ್ಡ್ ಸಭೆ, ಗ್ರಾಮಸಭೆಗಳಿಗೆ ತಪ್ಪದೆ ಹೋಗಿ. ಎದ್ದು ನಿಂತು ಕೇಳಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಚುನಾವಣೆ ಸಮಯದಲ್ಲಿ ‘ನೀನು ಎಲ್ಲಿದ್ದೆ’ ಎಂದು ಕೇಳಿದವರಿಗೆ ಆ ನಡಾವಳಿಯೇ ಉತ್ತರ.

ಹಂತ 6: ಹರಾಜು ಮತ್ತು ‘ಅವಿರೋಧ’ದ ಒತ್ತಡ

ಇದನ್ನು ಮನಸ್ಸಿಗೆ ನೋವಾಗಿಯೇ ಬರೆಯುತ್ತಿದ್ದೇನೆ. ದೇವಸ್ಥಾನಕ್ಕೆ ಇಂತಿಷ್ಟು ಲಕ್ಷ ಕೊಟ್ಟವರಿಗೆ ಸದಸ್ಯ ಸ್ಥಾನ ಎಂದು ಊರ ಮುಂದೆ ಹರಾಜು ಕೂಗುವ ಪದ್ಧತಿ ಕೆಲವು ಕಡೆ ಇದೆ. 2020ರಲ್ಲೂ ಹಲವು ಜಿಲ್ಲೆಗಳಿಂದ ಅಂಥ ಸುದ್ದಿ ಬಂದವು, ರಾಜ್ಯ ಚುನಾವಣಾ ಆಯೋಗ ಕ್ರಮದ ಎಚ್ಚರಿಕೆಯನ್ನೂ ಕೊಟ್ಟಿತು. ದೇವಸ್ಥಾನದ ಹೆಸರು ಹೇಳಿದ ಮಾತ್ರಕ್ಕೆ ಅದು ಪುಣ್ಯದ ಕೆಲಸವಾಗುವುದಿಲ್ಲ. ದುಡ್ಡು ಕೊಟ್ಟು ಇನ್ನೊಬ್ಬರನ್ನು ಕಣದಿಂದ ಸರಿಸುವುದು ಅಪರಾಧ. ಬಡವರ ಓಟಿನ ಹಕ್ಕನ್ನು ಊರ ಹಿರಿಯರು ಸೇರಿ ಮಾರಿದಂತೆ ಅದು.

ನಿಮ್ಮ ಮೇಲೆ ಒತ್ತಡ ಬಂದೇ ಬರುತ್ತದೆ. ‘ಊರು ಒಡೆಯಬೇಡಪ್ಪಾ’ ಎನ್ನುತ್ತಾರೆ. ಅದನ್ನು ನಿಮ್ಮ ಸೋದರಮಾವನ ಬಾಯಿಂದಲೇ ಹೇಳಿಸುತ್ತಾರೆ. ಹಿರಿಯರಿಗೆ ಗೌರವ ಕೊಟ್ಟೇ, ‘ನಿಲ್ಲುವವರೆಲ್ಲ ನಿಲ್ಲಲಿ, ಜನ ತೀರ್ಮಾನ ಮಾಡಲಿ’ ಎಂದು ಹೇಳಿ. ಹರಾಜು ನಡೆದರೆ ದಿನಾಂಕ, ಸ್ಥಳ, ಇದ್ದವರ ಹೆಸರು ಬರೆದಿಟ್ಟುಕೊಂಡು ತಹಶೀಲ್ದಾರರಿಗೂ ಜಿಲ್ಲಾಧಿಕಾರಿಗೂ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಒಬ್ಬರೇ ಹೋಗಬೇಡಿ, ಜೊತೆಗೆ ಇಬ್ಬರು ಮೂವರಿರಲಿ. ಮತ್ತೆ ಒಂದು ಮುಖ್ಯ ಮಾತು: ಉಮೇದುವಾರಿಕೆ ಹಿಂಪಡೆಯುವ ಖಾಲಿ ನಮೂನೆಗೆ ಯಾರೇ ಹೇಳಿದರೂ ಸಹಿ ಹಾಕಬೇಡಿ. ಒಮ್ಮೆ ಹಿಂಪಡೆದರೆ ಅದನ್ನು ರದ್ದು ಮಾಡಲು ಬರುವುದಿಲ್ಲ.

ಹಂತ 7: ನಾಮಪತ್ರ ಮತ್ತು ಪರಿಶೀಲನೆ

ನಾಮಪತ್ರದ ನಮೂನೆಯನ್ನು ಚುನಾವಣಾಧಿಕಾರಿಯೇ ಕೊಡುತ್ತಾರೆ. ಸಲ್ಲಿಸುವುದು ಸಾಮಾನ್ಯವಾಗಿ ಪಂಚಾಯಿತಿ ಕಚೇರಿಯಲ್ಲೇ. 2020ರಲ್ಲಿ ಠೇವಣಿ ಸಾಮಾನ್ಯ ಅಭ್ಯರ್ಥಿಗೆ 200 ರೂಪಾಯಿ, ಪರಿಶಿಷ್ಟರು, ಹಿಂದುಳಿದವರು, ಮಹಿಳೆಯರಿಗೆ 100 ರೂಪಾಯಿ ಇತ್ತು. ನಿಮ್ಮ ಚುನಾವಣೆಯ ಸೂಚನಾ ಪತ್ರದಲ್ಲಿ ಎಷ್ಟಿದೆ ನೋಡಿಕೊಂಡು ಹೋಗಿ.

ಸೂಚಕರು ನೀವು ಸ್ಪರ್ಧಿಸುವ ಕ್ಷೇತ್ರದ ಮತದಾರರೇ ಆಗಿರಬೇಕು. ನಾಮಪತ್ರ ತಿರಸ್ಕಾರವಾಗುವುದು ಬಹಳ ಸಲ ಇಲ್ಲೇ. ಗೆಳೆಯ ಎಂದು ಪಕ್ಕದ ಬೀದಿಯವನಿಂದ ಸಹಿ ಹಾಕಿಸಿರುತ್ತಾರೆ, ಆ ಬೀದಿ ಬೇರೆ ಕ್ಷೇತ್ರದಲ್ಲಿರುತ್ತದೆ. ಸೂಚಕರ ಕ್ರಮಸಂಖ್ಯೆಯನ್ನು ಅಂತಿಮ ಪಟ್ಟಿಯಿಂದಲೇ ಬರೆಯಿರಿ, ಹಳೆಯ ಪಟ್ಟಿಯ ಸಂಖ್ಯೆ ಬದಲಾಗಿರುತ್ತದೆ. ಸೂಚಕರು ಕೊನೆಯ ಗಳಿಗೆಯಲ್ಲಿ ಹೆದರಿ ಹಿಂದೆ ಸರಿದರೆ ಎಂದು ಇನ್ನೊಬ್ಬರನ್ನು ಗೊತ್ತು ಮಾಡಿಟ್ಟಿರಿ.

ಯಾವ ಮೀಸಲು ಸ್ಥಾನ ಎಂಬ ಕಡೆ ಖಾಲಿ ಬಿಡಬೇಡಿ. ಕೇಸು ಇದ್ದರೆ ಮುಚ್ಚಿಡಬೇಡಿ. ಹೋರಾಟದಲ್ಲಿ ರಸ್ತೆತಡೆ ಮಾಡಿದ್ದಕ್ಕೆ ಹಾಕಿದ ಕೇಸೂ ಕೇಸೇ. ಅದನ್ನು ಬರೆಯುವುದರಲ್ಲಿ ನಾಚಿಕೆಯಿಲ್ಲ, ಬರೆಯದಿದ್ದರೆ ಮಾತ್ರ ತೊಂದರೆ. ಕೊನೆಯ ದಿನದ ಮಧ್ಯಾಹ್ನಕ್ಕೆ ಕಾಯದೆ ಮೊದಲ ಎರಡು ದಿನದಲ್ಲೇ ಕೊಡಿ. ತಪ್ಪಿದ್ದರೆ ಇನ್ನೊಂದು ಸಲ್ಲಿಸಲು ಸಮಯ ಸಿಗುತ್ತದೆ.

ಪರಿಶೀಲನೆಯ ದಿನ ನೀವೇ ಇರಿ, ಫೈಲ್ ಕೈಯಲ್ಲಿರಲಿ. ಆಕ್ಷೇಪಣೆ ಬಂದರೆ ದಾಖಲೆ ತೋರಿಸಿ ಉತ್ತರಿಸಿ. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಹಂತ 8: ಚಿಹ್ನೆ ಸಿಕ್ಕಮೇಲೆ ಉಳಿಯುವುದು ಒಂದು ವಾರ

ಆಯೋಗದ ಪಟ್ಟಿಯಿಂದ ಚಿಹ್ನೆ ಹಂಚುತ್ತಾರೆ. ಅದು ಹೊಲಿಗೆ ಯಂತ್ರವೋ ಆಟೊರಿಕ್ಷಾವೋ, ನೋಡಿದ ತಕ್ಷಣ ಹೆಸರು ಹೇಳಬಹುದಾದದ್ದನ್ನು ಕೇಳಿ. ಓದು ಬಾರದ ಅಜ್ಜಿಗೆ ನಿಮ್ಮ ಹೆಸರಿಗಿಂತ ಆ ಚಿತ್ರವೇ ಮುಖ್ಯ.

ಕರಪತ್ರ ಒಂದು ಪುಟ ಸಾಕು. ಮುದ್ರಕರ ಮತ್ತು ಪ್ರಕಾಶಕರ ಹೆಸರು ಇರಲೇಬೇಕು. ದೊಡ್ಡ ಮೆರವಣಿಗೆ ಈ ಚುನಾವಣೆಗೆ ಬೇಕಿಲ್ಲ. ಪ್ರತಿ ಮನೆಗೆ ಎರಡು ಸಲ ಹೋಗಿ. ಹೊಲಕ್ಕೆ, ಕೂಲಿಗೆ ಹೋಗುವವರು ಸಿಗುವುದು ಬೆಳಗ್ಗೆ ಏಳರೊಳಗೆ ಅಥವಾ ದೀಪ ಹಚ್ಚಿದ ಮೇಲೆ. ಮಹಿಳಾ ಅಭ್ಯರ್ಥಿಗಳಿಗೆ ಒಂದು ಮಾತು: ಮನೆಯವರು ಜೊತೆಗಿರಲಿ, ಆದರೆ ಮಾತು ನೀವೇ ಆಡಿ. ಗಂಡ ಮಾತನಾಡಿ ಹೆಂಡತಿ ಕೈಮುಗಿಯುವುದನ್ನು ಜನ ಬಹಳ ನೋಡಿಬಿಟ್ಟಿದ್ದಾರೆ.

ಗುಡಿ, ಮಸೀದಿ, ಚರ್ಚಿನೊಳಗೆ ಪ್ರಚಾರ ಬೇಡ. ಸೀರೆ, ಕುಕ್ಕರ್, ಬಾಡೂಟ ಯಾವುದೂ ಬೇಡ, ಎಲ್ಲವೂ ನೀತಿಸಂಹಿತೆಯ ಉಲ್ಲಂಘನೆ. ‘ಅವರು ಕೊಡ್ತಾರೆ, ನೀವೇನು ಕೊಡ್ತೀರಿ’ ಎಂದು ಬಾಯಿಬಿಟ್ಟು ಕೇಳುವವರು ಇರುತ್ತಾರೆ. ಅವರ ಜೊತೆ ಜಗಳ ಆಡಬೇಡಿ. ಆ ಮನೆಗೆ ನೀವು ಮಾಡಿಕೊಟ್ಟ ಕೆಲಸವನ್ನು ಎತ್ತಿ ಆಡಲೂ ಬೇಡಿ, ಉಪಕಾರ ಹಂಗಿಸಿದರೆ ಓಟು ಹೋಗುತ್ತದೆ. ಮುಂದೆ ಏನು ಮಾಡುತ್ತೀರಿ ಎಂದಷ್ಟೇ ಹೇಳಿ ಎದ್ದು ಬನ್ನಿ.

ಹಂತ 9: ಮತಪತ್ರವನ್ನು ಜನರಿಗೆ ಕಲಿಸಿ

2020ರಲ್ಲಿ ಬೀದರ್ ಜಿಲ್ಲೆಯಲ್ಲಿ ಮತಯಂತ್ರ ಬಳಸಿದರು, ಉಳಿದೆಡೆ ಮತಪತ್ರ. ಮತಪತ್ರ ಇದ್ದಲ್ಲಿ ತಿರಸ್ಕೃತ ಮತಗಳೇ ಸೋಲು–ಗೆಲುವಿನ ಅಂತರಕ್ಕಿಂತ ಹೆಚ್ಚಾಗಬಹುದು.

ಎರಡು ಸ್ಥಾನ ಇದ್ದರೆ ಮತದಾರರಿಗೆ ಎರಡು ಓಟು. ಒಬ್ಬ ಅಭ್ಯರ್ಥಿಗೆ ಒಂದೇ ಓಟು ಹಾಕಬೇಕು. ಎರಡು ಸ್ಥಾನಕ್ಕೆ ಮೂರು ಕಡೆ ಮೊಹರು ಒತ್ತಿದರೆ ಇಡೀ ಮತಪತ್ರ ಹೋಯಿತು. ಒಂದೇ ಒತ್ತಿ ಬಂದರೆ ಆ ಒಂದು ಓಟು ನಡೆಯುತ್ತದೆ. ಮತಗಟ್ಟೆಯಲ್ಲಿ ಕೊಡುವ ಬಾಣದ ಗುರುತಿನ ಮೊಹರನ್ನೇ ಒತ್ತಬೇಕು, ಹೆಬ್ಬೆಟ್ಟು ಒತ್ತಿದರೆ ಲೆಕ್ಕಕ್ಕಿಲ್ಲ. ಇಬ್ಬರ ನಡುವಿನ ಗೆರೆಯ ಮೇಲೆ ಒತ್ತಿದರೆ ಯಾರಿಗೆಂದು ಗೊತ್ತಾಗದೆ ತಿರಸ್ಕಾರವಾಗುತ್ತದೆ. ದೊಡ್ಡ ಹಾಳೆಯ ಮೇಲೆ ಕಾಲ್ಪನಿಕ ಹೆಸರು, ಬೇರೆ ಚಿತ್ರಗಳನ್ನು ಬರೆದು ಸಂಜೆ ಕಟ್ಟೆಯ ಮೇಲೆ ಹೆಂಗಸರಿಗೆ, ವಯಸ್ಸಾದವರಿಗೆ ತೋರಿಸಿ. ಬೆರಳಿಟ್ಟು ತೋರಿಸಲು ಅವರಿಗೇ ಹೇಳಿ. ‘ಗೆರೆ ಮುಟ್ಟಬಾರದು, ಚಿತ್ರದ ಪಕ್ಕದ ಖಾನೆಯ ಒಳಗೇ’ ಎಂದು ಒಬ್ಬರು ಕಲಿತರೆ ಮನೆಯವರಿಗೆಲ್ಲ ಅವರೇ ಹೇಳಿಕೊಡುತ್ತಾರೆ.

ಮತಗಟ್ಟೆಯ ಏಜೆಂಟರಾಗಿ ಊರಿನ ಪ್ರತಿ ಮುಖ ಗೊತ್ತಿರುವವರನ್ನು ಕೂರಿಸಿ. ಎಣಿಕೆಗೆ ಹೋಗುವ ಏಜೆಂಟರಿಗೆ ಇನ್ನೊಂದು ವಿಷಯ ಕಲಿಸಿ: ಮತಪತ್ರ ಮಡಚಿದಾಗ ಹಸಿ ಶಾಯಿ ಎದುರು ಬದಿಗೆ ಅಂಟಿ ಮಸುಕಾದ ತಿರುಗುಮುರುಗು ಗುರುತು ಮೂಡುತ್ತದೆ. ಅದು ಎರಡನೇ ಓಟಲ್ಲ, ಆ ಕಾರಣಕ್ಕೆ ಮತ ತಿರಸ್ಕರಿಸುವಂತಿಲ್ಲ. ಬಾಣದ ಗುರುತು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿರುವುದನ್ನು ತೋರಿಸಿ, ಶಾಂತವಾಗಿ, ಆಗಲೇ ಆಕ್ಷೇಪಿಸಬೇಕು. ಫಲಿತಾಂಶ ಘೋಷಣೆಯಾದ ಮೇಲೆ ಎಣಿಕೆಯ ಮೇಜಿನಲ್ಲಿ ಯಾರೂ ಕೇಳುವುದಿಲ್ಲ. ಮರುಎಣಿಕೆ ಬೇಕಿದ್ದರೂ ಘೋಷಣೆಗೆ ಮುಂಚೆಯೇ ಕಾರಣ ಬರೆದು ಕೇಳಿ.

ಹಂತ 10: ಫಲಿತಾಂಶದ ನಂತರ

ಸೋತು, ಅಕ್ರಮ ನಡೆದಿದೆ ಎಂಬುದಕ್ಕೆ ಪುರಾವೆ ಇದ್ದರೆ ಚುನಾವಣಾ ತಕರಾರು ಅರ್ಜಿಯನ್ನು 30 ದಿನದೊಳಗೆ ನ್ಯಾಯಾಲಯಕ್ಕೆ ಸಲ್ಲಿಸಬೇಕು. ವಕೀಲರನ್ನು ಮೊದಲ ವಾರವೇ ಕಾಣಿ.

ಗೆದ್ದರೆ ಮೊದಲು ಎದುರಾಗುವುದು ಅಧ್ಯಕ್ಷ–ಉಪಾಧ್ಯಕ್ಷರ ಆಯ್ಕೆ. ಸದಸ್ಯರನ್ನೆಲ್ಲ ಗಾಡಿಯಲ್ಲಿ ಕೂರಿಸಿ ‘ಪ್ರವಾಸ’ಕ್ಕೆ ಕರೆದೊಯ್ಯುವುದು, ಫೋನ್ ತೆಗೆದಿಟ್ಟುಕೊಳ್ಳುವುದು ಈಗ ಎಲ್ಲ ಕಡೆ ನಡೆಯುತ್ತದೆ. ಹೋಗಬೇಡಿ. ಇಲ್ಲಿ ಪಕ್ಷದ ವಿಪ್ ಇಲ್ಲ, ಯಾರಿಗೆ ಮತ ಹಾಕಬೇಕೆಂದು ಯಾರೂ ನಿಮಗೆ ಅಪ್ಪಣೆ ಕೊಡುವಂತಿಲ್ಲ. ನಿಮ್ಮ ಬೆಂಬಲಕ್ಕೆ ಬದಲಾಗಿ ಏನಾದರೂ ಕೇಳಲೇಬೇಕಿದ್ದರೆ, ನೀವು ಪ್ರಚಾರದಲ್ಲಿ ಹೇಳಿದ ಆ ಒಂದು ಕೆಲಸವನ್ನು ಮೊದಲ ಕ್ರಿಯಾಯೋಜನೆಗೆ ಸೇರಿಸಿ ಎಂದು ಎಲ್ಲರೆದುರು ಕೇಳಿ, ಸಾಮಾನ್ಯ ಸಭೆಯಲ್ಲಿ ನಡಾವಳಿಗೆ ಬರೆಸಿ, ಅದರ ದೃಢೀಕೃತ ನಕಲನ್ನು ಪಿಡಿಒ ಅವರಿಂದ ಪಡೆದುಕೊಳ್ಳಿ.